ಬಡಿತದ ಹಿಡಿತ: ಮೈಸೂರಿನಿಂದ ಉಜಿರೆಯವರೆಗೆ

ಹೃದಯ ಯಾರ ಅಪ್ಪಣೆಗೂ ಕಾಯದೆ ಬಡಿಯುತ್ತದೆ. ಬಲ ಹೃತ್ಕರ್ಣದ ಗೋಡೆಯಲ್ಲಿರುವ ಸೈನಸ್ ನೋಡ್ ಎಂಬ ಪುಟ್ಟ ಜೀವಕೋಶಗಳ ಗುಂಪು ತಾನಾಗಿಯೇ ವಿದ್ಯುತ್ ಮಿಡಿತ ಹುಟ್ಟಿಸುತ್ತದೆ. ನರಗಳ ಪ್ರಭಾವವನ್ನೆಲ್ಲ ತಡೆದರೂ ಅದು ನಿಮಿಷಕ್ಕೆ ಸುಮಾರು 100 ಸಲ ಮಿಡಿಯುತ್ತದೆ. ಸುಮ್ಮನೆ ಕುಳಿತವರ ನಾಡಿ 70ರ ಆಸುಪಾಸಿನಲ್ಲಿರುವುದು ಮಿದುಳಿನಿಂದ ಇಳಿದು ಬರುವ ವೇಗಸ್ ನರ ಬ್ರೇಕಿನಂತೆ ಅದನ್ನು ತಡೆದು ಹಿಡಿದಿರುವುದರಿಂದ. ಓಡುವಾಗ, ಹೆದರಿದಾಗ ಈ ಹಿಡಿತ ಸಡಿಲಾಗುತ್ತದೆ, ಸಿಂಪಥೆಟಿಕ್ ನರಗಳು ವೇಗ ಹೆಚ್ಚಿಸುತ್ತವೆ. ಈ ಹತೋಟಿಯನ್ನು ಅರಿಯಲು ವಿಜ್ಞಾನ ನಡೆದ ಹಾದಿಯಲ್ಲಿ ಮೈಸೂರೂ ಇದೆ, ಬೆಳ್ತಂಗಡಿ ತಾಲ್ಲೂಕಿನ ಉಜಿರೆಯೂ ಇದೆ.

ವೇಗಸ್ ನರವನ್ನು ಉದ್ದೀಪಿಸಿದರೆ ಹೃದಯ ನಿಧಾನವಾಗುತ್ತದೆ, ನಿಂತೂಬಿಡುತ್ತದೆ ಎಂದು ಜರ್ಮನಿಯ ವೇಬರ್ ಸಹೋದರರು 1845ರಲ್ಲಿ ತೋರಿಸಿದರು. ಸೈನಸ್ ನೋಡನ್ನು ಕೀತ್ ಮತ್ತು ಫ್ಲ್ಯಾಕ್ 1907ರಲ್ಲಿ ಗುರುತಿಸಿದರು. ನರದ ಆಜ್ಞೆ ಹೃದಯಕ್ಕೆ ತಲಪುವ ಬಗೆಯನ್ನು 1921ರಲ್ಲಿ ಆಟೋ ಲೋವಿ ಎರಡು ಕಪ್ಪೆ ಹೃದಯಗಳಿಂದ ಬಿಡಿಸಿದರು. ಒಂದರ ವೇಗಸ್ ನರವನ್ನು ಉದ್ದೀಪಿಸಿ ಬಡಿತ ಇಳಿಸಿದರು. ಅದರಲ್ಲಿದ್ದ ದ್ರವವನ್ನು ಇನ್ನೊಂದಕ್ಕೆ ಹಾಕಿದಾಗ ಅದರ ಬಡಿತವೂ ಇಳಿಯಿತು. ನರ ಮಾತಾಡುವುದು ರಾಸಾಯನಿಕದ ಮೂಲಕ ಎಂಬುದು ಸಿದ್ಧವಾಯಿತು. ಈ ಹೊತ್ತಿಗಾಗಲೇ ಐಂಥೋವನ್ ರೂಪಿಸಿದ ಇಸಿಜಿ ಯಂತ್ರ ಬಡಿತವನ್ನು ಗೆರೆಯಾಗಿ ಬರೆಯತೊಡಗಿತ್ತು.

ಅಂಥದೊಂದು ಯಂತ್ರವನ್ನು ಹೊತ್ತು 1935ರಲ್ಲಿ ಫ್ರೆಂಚ್ ಹೃದ್ರೋಗತಜ್ಞೆ ತೆರೇಸ್ ಬ್ರಾಸ್ ಭಾರತಕ್ಕೆ ಬಂದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರ ಹೃದಯದ ಗೆರೆಯನ್ನೂ ದಾಖಲಿಸಿದರು. ಯೋಗಿಗಳು ಹೃದಯವನ್ನೇ ನಿಲ್ಲಿಸಬಲ್ಲರು ಎಂಬ ನಂಬಿಕೆಗೆ ಅದರಿಂದ ಬಲ ಬಂತು. ಆದರೆ ವೆಂಗರ್, ಬಾಗ್ಚಿ ಮತ್ತು ದೆಹಲಿಯ ಏಮ್ಸ್‌ನ ಬಿ.ಕೆ. ಆನಂದ್ 1961ರಲ್ಲಿ ಪ್ರಕಟಿಸಿದ ಪರೀಕ್ಷೆಗಳು ಬೇರೆಯದನ್ನೇ ಹೇಳಿದವು. ಉಸಿರು ಬಿಗಿಹಿಡಿದು ಎದೆ, ಹೊಟ್ಟೆಯ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ನಾಡಿ ಕೈಗೆ ಸಿಗುವುದಿಲ್ಲ, ಸದ್ದು ಕಿವಿಗೆ ಕೇಳುವುದಿಲ್ಲ. ಇಸಿಜಿಯಲ್ಲಿ ಮಾತ್ರ ಬಡಿತ ನಡೆದೇ ಇರುತ್ತದೆ. ಪವಾಡ ಬಿದ್ದುಹೋಯಿತು, ವಿಷಯ ಗಟ್ಟಿಯಾಯಿತು. ಏಕೆಂದರೆ ಅದೇ ಅಧ್ಯಯನದಲ್ಲಿ ಒಬ್ಬರು ಹೃದಯವನ್ನು ನಿಜಕ್ಕೂ ನಿಧಾನಗೊಳಿಸಿದ್ದರು.

ಮುಂದಿನ ಹೆಜ್ಜೆ ಬಡಿತಗಳ ನಡುವಿನ ಅಂತರಕ್ಕೆ ಸೇರಿದ್ದು. ಆರೋಗ್ಯವಂತ ಹೃದಯ ಗಡಿಯಾರದ ಹಾಗೆ ಒಂದೇ ಸಮನೆ ಬಡಿಯುವುದಿಲ್ಲ. ಉಸಿರು ಒಳಗೆಳೆದಾಗ ಬಡಿತ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಹೃದಯಾಘಾತವಾದ 808 ಜನರನ್ನು ಗಮನಿಸಿದ ಕ್ಲೈಗರ್ ತಂಡ, ಈ ಏರಿಳಿತ ತೀರ ಕಡಿಮೆ ಇದ್ದವರಲ್ಲಿ ಸಾವಿನ ಅಪಾಯ ಐದು ಪಟ್ಟಿಗೂ ಹೆಚ್ಚು ಎಂದು 1987ರಲ್ಲಿ ವರದಿ ಮಾಡಿತು. ಅಳತೆಯ ಕ್ರಮಗಳು 1996ರಲ್ಲಿ ಅಂತರರಾಷ್ಟ್ರೀಯವಾಗಿ ನಿಗದಿಯಾದವು. ಬೆಂಗಳೂರಿನ ನಿಮ್ಹಾನ್ಸ್, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯಗಳು ಈ ವಿದ್ಯೆಯನ್ನು ಬೆಳೆಸಿದವು.

ಉಜಿರೆ ಸೇರುವುದು ಇಲ್ಲಿ. 1989ರಲ್ಲಿ ಆರಂಭವಾದ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ವಿಜ್ಞಾನ ಕಾಲೇಜಿನವರು ಪ್ರಾಣಾಯಾಮ, ಸ್ನಾನ ಚಿಕಿತ್ಸೆಗಳು ಹೃದಯದ ಏರಿಳಿತದ ಮೇಲೆ ಬೀರುವ ಪರಿಣಾಮವನ್ನು ಅಳೆದು ಪ್ರಕಟಿಸಿದ್ದಾರೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯಲ್ಲೂ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಕಾಲೇಜಿದೆ. ಇಂಥ ಪರೀಕ್ಷೆ ನೋಡಲು ಸರಳ. ವ್ಯಕ್ತಿ ಅಂಗಾತ ಮಲಗುತ್ತಾನೆ, ಮೈಗೆ ಎಲೆಕ್ಟ್ರೋಡ್ ಅಂಟಿಸುತ್ತಾರೆ, 5 ನಿಮಿಷ ಮಾತಿಲ್ಲದೆ ದಾಖಲಾತಿ ನಡೆಯುತ್ತದೆ. ಆಮೇಲೆ ನಿಮಿಷಕ್ಕೆ ಆರರಂತೆ ಉಸಿರಾಡಿಸಿದರೆ, ಪರದೆಯ ಮೇಲೆ ಬಡಿತಗಳ ಅಂತರ ಉಸಿರಿನ ಜೊತೆಜೊತೆಗೇ ಅಗಲವಾಗಿ ಏರಿಳಿಯತೊಡಗುತ್ತದೆ. ಜಪಮಾಲೆಯ ಪ್ರಾರ್ಥನೆಯೂ ಬೌದ್ಧ ಮಂತ್ರವೂ ಉಸಿರನ್ನು ಹೆಚ್ಚುಕಡಿಮೆ ಇದೇ ಲಯಕ್ಕೆ ತರುತ್ತವೆ ಎಂದು ಇಟಲಿಯ ಬರ್ನಾರ್ಡಿ ತಂಡ 2001ರಲ್ಲಿ ಕಂಡುಕೊಂಡಿತು. ಬಸದಿ, ದೇವಸ್ಥಾನ, ಮಸೀದಿ, ಇಗರ್ಜಿಗಳು ಒಂದೇ ದಾರಿಯಲ್ಲಿ ಸಿಗುವ ಈ ಸೀಮೆಯವರು ತಿಳಿದಿರಬೇಕಾದ ಸಂಗತಿ ಇದು.

ಇಷ್ಟರಿಂದಲೇ ಯೋಗ ಹೃದಯಾಘಾತ ತಡೆಯುತ್ತದೆ ಎಂದುಬಿಡುವಂತಿಲ್ಲ. ಭಾರತದ 24 ಕೇಂದ್ರಗಳಲ್ಲಿ ಹೃದಯಾಘಾತದಿಂದ ಚೇತರಿಸಿಕೊಂಡ 3,959 ಜನರ ಮೇಲೆ ನಡೆದ ಯೋಗ-ಕೇರ್ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಯೋಗ ಮಾಡಿದವರು ತಮ್ಮ ಆರೋಗ್ಯ ಉತ್ತಮ ಎಂದರು, ದಿನನಿತ್ಯದ ಕೆಲಸಗಳಿಗೂ ಚೆನ್ನಾಗಿ ಮರಳಿದರು. ಸಾವು, ಮರು ಆಘಾತಗಳಲ್ಲಿ ಮಾತ್ರ ಖಚಿತವೆನ್ನಬಹುದಾದ ವ್ಯತ್ಯಾಸ ಕಾಣಲಿಲ್ಲ. ಉಸಿರಿನ ಅಭ್ಯಾಸ ಔಷಧಿಯ ಜೊತೆಗಿರಲಿ, ಅದರ ಜಾಗಕ್ಕೆ ಬರುವುದು ಬೇಡ.

ಎದೆನೋವು ಬಂದ ಹೊತ್ತಿನಲ್ಲಂತೂ ಬೇಕಾದ್ದು ಇಸಿಜಿಯೇ. ಬೆಳ್ತಂಗಡಿಯಿಂದ ಹೃದ್ರೋಗತಜ್ಞರಿರುವ ಮಂಗಳೂರಿಗೆ ಸುಮಾರು 60 ಕಿಲೋಮೀಟರ್. ಚಾರ್ಮಾಡಿ ಘಾಟಿಯ ಬುಡದ ಊರುಗಳಿಗೆ ಇನ್ನೂ ದೂರ. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಿದವರು ಕಳೆದುಕೊಳ್ಳುವುದು ಈ ದಾರಿಗಿಂತಲೂ ಹೆಚ್ಚಿನ ಹೊತ್ತು. ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತ್ ಅವರು ಮನೆ ಬಾಗಿಲಿಗೆ ಹೃದಯ ವೈದ್ಯ ಎಂಬ ಧ್ಯೇಯದಿಂದ ಗ್ರಾಮೀಣ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ತಲಪಿಸಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತಜ್ಞರ ಸಲಹೆ ದೊರಕುವಂತೆ ಮಾಡಿದ್ದು ಇದಕ್ಕಾಗಿಯೇ. 2023ರಲ್ಲಿ ರಾಜ್ಯ ಸರ್ಕಾರ ಜಾರಿಗೆ ತಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ಜಾಡಿನದು: ತಾಲ್ಲೂಕು ಮಟ್ಟದಲ್ಲೇ ಇಸಿಜಿ, ಅಗತ್ಯವಿದ್ದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಚುಚ್ಚುಮದ್ದು ಉಚಿತ.

ಹೀಗೆ ಬೇರೆ ಬೇರೆಯಾಗಿ ಬೆಳೆದ ಎರಡು ಧಾರೆಗಳು ಈಗ ಒಂದೇ ಹೆದ್ದಾರಿಯ ಬದಿಯಲ್ಲಿವೆ: ಒಂದು, ಹೃದಯದ ಹತೋಟಿಯನ್ನು ಅಳೆಯುವ ಪ್ರಯೋಗಾಲಯ, ಇನ್ನೊಂದು, ಕೈಮೀರುವ ಮೊದಲೇ ಹೃದಯವನ್ನು ಉಳಿಸುವ ಆರೋಗ್ಯ ಕೇಂದ್ರ. ಇವೆರಡೂ ಕೈಜೋಡಿಸಬೇಕು. ಬಂಟ್ವಾಳದ ಬೀಡಿ ಕಟ್ಟುವ ಹೆಂಗಸರು, ಬೆಳ್ತಂಗಡಿಯ ಅಡಿಕೆ ಮರ ಏರುವವರು, ಮೂಡುಬಿದಿರೆಯ ಹಾಸ್ಟೆಲುಗಳಲ್ಲಿ ಪರೀಕ್ಷೆಯ ಒತ್ತಡ ಹೊತ್ತ ಮಕ್ಕಳು, ಇವರ ಹೃದಯದ ಏರಿಳಿತವನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಇಲ್ಲಿಂದಲೇ ಹೊರಡಬೇಕು. ಅದಕ್ಕೆ ಬೇಕಾದ ಯಂತ್ರ, ವಿದ್ಯೆ, ಜನ ಮೂರೂ ಈ ತಾಲ್ಲೂಕುಗಳಲ್ಲಿವೆ.