ಜರ್ಮನ್, ಜಪಾನಿ ಟ್ಯಾಂಕ್‌ಗಳ ಬಲಾಬಲ: ಲಿಬಿಯಾದಿಂದ ಜೋಜಿಲಾದವರೆಗೆ

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಮತ್ತು ಜಪಾನ್ ಒಂದೇ ಪಕ್ಷದಲ್ಲಿದ್ದವು. ಹಾಗಾಗಿ ಅವುಗಳ ಟ್ಯಾಂಕ್‌ಗಳು ಯಾವ ರಣರಂಗದಲ್ಲೂ ಎದುರುಬದುರಾಗಲಿಲ್ಲ. ಆದರೂ ಇವೆರಡರಲ್ಲಿ ಯಾವುದು ಹೆಚ್ಚು ಎಂಬ ವಾದ ಇಂದಿಗೂ ನಿಂತಿಲ್ಲ. ವಾದಿಸುವವರು ಸಾಮಾನ್ಯವಾಗಿ ಕವಚದ ದಪ್ಪ, ತೋಪಿನ ಬಾಯಳತೆ, ಎಂಜಿನ್‌ನ ಅಶ್ವಶಕ್ತಿಗಳ ಪಟ್ಟಿ ಮುಂದಿಡುತ್ತಾರೆ. ಆ ಪಟ್ಟಿಯಲ್ಲಿ ಜರ್ಮನಿಯೇ ಗೆಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಯುದ್ಧದಲ್ಲಿ ನಿಜಕ್ಕೂ ಏನಾಯಿತು ಎಂದು ತಿಳಿಯಲು ಪಟ್ಟಿಗಿಂತ ಒಳ್ಳೆಯ ಅಳತೆಗೋಲೊಂದಿದೆ: ಇಬ್ಬರ ಎದುರೂ ಹೋರಾಡಿದ ಮೂರನೆಯ ಟ್ಯಾಂಕ್. ಅಮೆರಿಕದಲ್ಲಿ ತಯಾರಾಗಿ ಬ್ರಿಟಿಷ್ ಮತ್ತು ಭಾರತೀಯ ಸೇನೆಗಳ ಕೈಸೇರಿದ ಸ್ಟುವರ್ಟ್ ಎಂಬ ಹಗುರ ಟ್ಯಾಂಕ್ ಅದು. 1941ರಲ್ಲಿ ಅದು ಲಿಬಿಯಾದ ಮರಳುಗಾಡಿನಲ್ಲಿ ಜರ್ಮನರನ್ನು, 1942ರಲ್ಲಿ ಬರ್ಮಾದಲ್ಲಿ ಜಪಾನೀಯರನ್ನು ಎದುರಿಸಿತು. 1948ರಲ್ಲಿ ಕೊಡಗಿನ ಸೇನಾಧಿಕಾರಿ ಕೆ.ಎಸ್. ತಿಮ್ಮಯ್ಯ ಅದೇ ಟ್ಯಾಂಕ್ ಅನ್ನು ಹಿಮಾಲಯದ ಜೋಜಿಲಾ ಕಣಿವೆದಾರಿಗೆ ಹತ್ತಿಸಿದರು.

ಸ್ಟುವರ್ಟ್‌ನ ಮೊದಲ ಮಾದರಿ ಎಂ3ರ ತೂಕ ಸುಮಾರು 13 ಟನ್. ಅದಕ್ಕೆ 37 ಮಿಲಿಮೀಟರ್ ತೋಪು, ವಿಮಾನಕ್ಕೆಂದು ರೂಪಿಸಿದ ಎಂಜಿನ್, ಒಳಗೆ ನಾಲ್ವರು ಸಿಬ್ಬಂದಿ. ಗಟ್ಟಿ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿತ್ತು, ಕೆಟ್ಟು ನಿಲ್ಲುವುದು ಅಪರೂಪ. ಮಾರ್ಗ ಮಧ್ಯೆ ತಮ್ಮದೇ ಟ್ಯಾಂಕ್‌ಗಳು ಕೆಟ್ಟು ಬೇಸತ್ತಿದ್ದ ಬ್ರಿಟಿಷ್ ಸೈನಿಕರಿಗೆ ಅದು ಬಲು ಇಷ್ಟವಾಯಿತು.

1941ರ ನವೆಂಬರ್ 18ರಂದು ಲಿಬಿಯಾದಲ್ಲಿ 'ಕ್ರುಸೇಡರ್' ಕಾರ್ಯಾಚರಣೆ ಶುರುವಾದಾಗ ಬ್ರಿಟಿಷರ 4ನೇ ಆರ್ಮರ್ಡ್ ಬ್ರಿಗೇಡ್‌ನ ಟ್ಯಾಂಕ್‌ಗಳೆಲ್ಲ ಸ್ಟುವರ್ಟ್‌ಗಳೇ. ಮರುದಿನ ಗಬ್ರ್ ಸಾಲೆ ಎಂಬಲ್ಲಿ ಅವು ಜರ್ಮನ್ ಸೇನಾನಿ ರೋಮೆಲ್‌ನ 21ನೇ ಪ್ಯಾಂಜರ್ ಡಿವಿಷನ್‌ನ ಟ್ಯಾಂಕ್‌ಗಳನ್ನು ಎದುರಿಸಿದವು. ಜರ್ಮನರ ಮುಖ್ಯ ಟ್ಯಾಂಕ್ ಪ್ಯಾಂಜರ್ 3. ತೂಕ 20 ಟನ್‌ಗೆ ತುಸು ಹೆಚ್ಚು, ತೋಪು 50 ಮಿಲಿಮೀಟರ್. ಕಾಗದದ ಮೇಲೆ ನೋಡಿದರೆ ಎರಡರ ನಡುವೆ ಅಜಗಜಾಂತರವೇನೂ ಇರಲಿಲ್ಲ. ಮೈದಾನದಲ್ಲಿ ಮಾತ್ರ ಸ್ಟುವರ್ಟ್‌ಗಳು ಬಹಳ ನಷ್ಟ ಅನುಭವಿಸಿದವು.

ಈ ನಷ್ಟಕ್ಕೆ ಉಕ್ಕು ಮತ್ತು ತೋಪು ಅರ್ಧ ಕಾರಣ ಮಾತ್ರ. ಪ್ಯಾಂಜರ್ 3ರ ಒಳಗೆ ಐವರು ಇರುತ್ತಿದ್ದರು. ತೋಪು ಕೂರಿಸಿದ ತಿರುಗುವ ಗೋಪುರದಲ್ಲಿ, ಅಂದರೆ ಟರೆಟ್‌ನಲ್ಲಿ, ಮೂವರಿಗೆ ಜಾಗ. ಒಬ್ಬ ಗುರಿಯಿಡುತ್ತಿದ್ದ, ಇನ್ನೊಬ್ಬ ಗುಂಡು ತುಂಬುತ್ತಿದ್ದ. ಕಮಾಂಡರ್‌ಗೆ ಬೇರೆ ಕೆಲಸವಿರಲಿಲ್ಲ: ಸುತ್ತ ನೋಡುವುದು, ಯೋಚಿಸುವುದು, ಆಜ್ಞೆ ಕೊಡುವುದು ಅಷ್ಟೆ. ಸ್ಟುವರ್ಟ್‌ನ ಟರೆಟ್‌ನಲ್ಲಿದ್ದವರು ಇಬ್ಬರೇ, ಕಮಾಂಡರನೇ ಗುಂಡು ತುಂಬಲೂ ಕೈಹಾಕಬೇಕಿತ್ತು. ಜೊತೆಗೆ ಜರ್ಮನರು ತಮ್ಮ ಟ್ಯಾಂಕ್‌ಗಳನ್ನು ಬಿಡಿಬಿಡಿಯಾಗಿ ಹೋರಾಡಲು ಬಿಡುತ್ತಿರಲಿಲ್ಲ. ಅವು ಎದುರಾಳಿಯನ್ನು ಕೆಣಕಿ ಹಿಂದೆ ಸರಿಯುತ್ತಿದ್ದವು. ಬೆನ್ನಟ್ಟಿ ಬಂದವರನ್ನು ಮರೆಯಲ್ಲಿ ಹುದುಗಿಸಿಟ್ಟ ಟ್ಯಾಂಕ್‌ನಿರೋಧಕ ತೋಪುಗಳು ಬಲಿ ತೆಗೆದುಕೊಳ್ಳುತ್ತಿದ್ದವು. ವಿಮಾನ ಹೊಡೆಯಲೆಂದು ಮಾಡಿದ 88 ಮಿಲಿಮೀಟರ್ ತೋಪು ಈ ಕೆಲಸದಲ್ಲಿ ಭಯಂಕರವೆಂದು ಹೆಸರಾಯಿತು. ಬ್ರಿಟಿಷರಾದರೋ ತಮ್ಮ ಮೂರು ಟ್ಯಾಂಕ್ ಬ್ರಿಗೇಡ್‌ಗಳನ್ನು ಒಂದೊಂದನ್ನು ಒಂದೊಂದು ದಿಕ್ಕಿಗೆ ಕಳಿಸಿದ್ದರು. ಜರ್ಮನ್ ಟ್ಯಾಂಕ್‌ಗಳ ಖ್ಯಾತಿಯ ದೊಡ್ಡ ಪಾಲು ಸಲ್ಲಬೇಕಾದದ್ದು ಈ ಯುದ್ಧಕ್ರಮಕ್ಕೆ, ಉಕ್ಕಿನ ದಪ್ಪಕ್ಕಲ್ಲ.

ಜಪಾನಿನ ಕಥೆ ಬೇರೆ. ಅದರ ಟೈಪ್ 95 ಹಾ-ಗೋ ಟ್ಯಾಂಕ್‌ನ ತೂಕ ಏಳೂವರೆ ಟನ್‌ನಷ್ಟು. ಕವಚ ಅತಿ ದಪ್ಪವಿದ್ದ ಕಡೆ 12 ಮಿಲಿಮೀಟರ್, ಸಿಬ್ಬಂದಿ ಮೂವರು. ಟರೆಟ್‌ನಲ್ಲಿ ಒಬ್ಬನೇ. ಗುರಿ, ಗುಂಡು, ಆಜ್ಞೆ ಎಲ್ಲವೂ ಆ ಒಬ್ಬನ ಪಾಲಿಗೆ. ಅದಕ್ಕಿಂತ ದೊಡ್ಡದಾದ ಟೈಪ್ 97 ಚಿ-ಹಾ 15 ಟನ್‌ನದು. ಅದರ 57 ಮಿಲಿಮೀಟರ್ ತೋಪು ಕಾಲಾಳುಗಳ ಗೂಡುಗಳನ್ನು ಹೊಡೆಯಲು ಒದಗುತ್ತಿತ್ತೇ ಹೊರತು ಮತ್ತೊಂದು ಟ್ಯಾಂಕ್‌ನ ಕವಚ ತೂರುವ ಶಕ್ತಿ ಅದಕ್ಕೆ ಕಡಿಮೆ.

ಇದನ್ನು ಎಂಜಿನಿಯರರ ಅಸಾಮರ್ಥ್ಯ ಎನ್ನುವುದು ತಪ್ಪು. ಬೆಂಕಿ ಹೊತ್ತುವ ಅಪಾಯ ಕಡಿಮೆಯಿರುವ, ಗಾಳಿಯಿಂದಲೇ ತಂಪಾಗುವ ಡೀಸೆಲ್ ಎಂಜಿನ್ ಅನ್ನು ಜಪಾನೀಯರು ಆಗಲೇ ಟ್ಯಾಂಕ್‌ಗೆ ಜೋಡಿಸಿದ್ದರು. ಅವರು ಟ್ಯಾಂಕ್ ರೂಪಿಸಿದ್ದು ಚೀನಾದ ಯುದ್ಧಕ್ಕಾಗಿ, ಅಲ್ಲಿ ಎದುರಾಳಿಯ ಬಳಿ ಟ್ಯಾಂಕ್‌ಗಳೇ ವಿರಳ. ಹಡಗಿನಲ್ಲಿ ಸಾಗಬೇಕು, ಏಷ್ಯಾದ ಸಣ್ಣ ಸೇತುವೆಗಳನ್ನು ದಾಟಬೇಕು, ಆದ್ದರಿಂದ ಹಗುರವಾಗಿರಲೇಬೇಕು. ಜಪಾನಿನ ಉಕ್ಕಾದರೋ ಮೊದಲು ಯುದ್ಧನೌಕೆಗೆ, ವಿಮಾನಕ್ಕೆ ಸಲ್ಲುತ್ತಿತ್ತು. 1939ರಲ್ಲಿ ಮಂಗೋಲಿಯಾ ಗಡಿಯ ಖಾಲ್ಖಿನ್ ಗೋಲ್‌ನಲ್ಲಿ ಸೋವಿಯತ್ ಸೇನೆಯ 45 ಮಿಲಿಮೀಟರ್ ತೋಪುಗಳಿಂದ ಪೆಟ್ಟು ತಿಂದ ಮೇಲೆ 47 ಮಿಲಿಮೀಟರಿನ ಉತ್ತಮ ತೋಪನ್ನು ಚಿ-ಹಾಗೆ ಕೂರಿಸಿದರೂ ಅಂಥವು ಸಾಕಷ್ಟು ಸಂಖ್ಯೆಯಲ್ಲಿ ರಣರಂಗ ಸೇರಲಿಲ್ಲ.

ಇಷ್ಟು ದುರ್ಬಲವಾದ ಈ ಟ್ಯಾಂಕ್‌ಗಳೇ 1942ರ ಜನವರಿ 7ರಂದು ಮಲಯಾದ ಸ್ಲಿಮ್ ನದಿಯ ಬಳಿ ಬ್ರಿಟಿಷ್ ಸಾಮ್ರಾಜ್ಯ ಮರೆಯಲಾಗದ ಸೋಲೊಂದನ್ನು ಉಣಿಸಿದವು. ಮೇಜರ್ ಶಿಮಾಡನ ಕೈಕೆಳಗಿನ ಸುಮಾರು 30 ಟ್ಯಾಂಕ್‌ಗಳು ಬೆಳಗಿನ ಜಾವಕ್ಕೂ ಮೊದಲೇ, ರಬ್ಬರ್ ತೋಟಗಳ ನಡುವಿನ ಒಂದೇ ರಸ್ತೆ ಹಿಡಿದು ನುಗ್ಗಿದವು. ಎದುರಿಗಿದ್ದುದು 11ನೇ ಭಾರತೀಯ ಡಿವಿಷನ್. ವಾರಗಟ್ಟಲೆ ಹಿಂದೆ ಸರಿದು ದಣಿದಿದ್ದ ಸೈನಿಕರು. ಅವರಲ್ಲಿ ಹೆಚ್ಚಿನವರು ಮಲಯಾಕ್ಕೆ ಬರುವ ಮುನ್ನ ಟ್ಯಾಂಕನ್ನೇ ಕಂಡವರಲ್ಲ, ಇಡೀ ಮಲಯಾದಲ್ಲಿ ಬ್ರಿಟಿಷರ ಟ್ಯಾಂಕ್ ಒಂದೂ ಇರಲಿಲ್ಲ. ಒಂದು ಸೇತುವೆಗೆ ಕಟ್ಟಿದ್ದ ಸ್ಫೋಟಕದ ತಂತಿಯನ್ನು ಲೆಫ್ಟಿನೆಂಟ್ ವಾತಾನಬೆ ಕೆಳಗಿಳಿದು ಕತ್ತಿಯಿಂದ ಕಡಿದ. ಆ ದಿನ ಮುಗಿಯುವ ಹೊತ್ತಿಗೆ ಎರಡು ಬ್ರಿಗೇಡ್‌ಗಳು ಚೂರಾಗಿದ್ದವು, ಕ್ವಾಲಾಲಂಪುರದ ದಾರಿ ತೆರೆದಿತ್ತು.

ಆ ನಸುಕಿನಲ್ಲಿ ಮೊದಲ ಏಟು ಬಿದ್ದದ್ದು 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್‌ಗೆ. ಅದು ತಿಮ್ಮಯ್ಯನವರ ಸ್ವಂತ ಬೆಟಾಲಿಯನ್. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತು ಸೇನೆ ಸೇರಿದ ಅವರು ಅದೇ ಬೆಟಾಲಿಯನ್ ಜೊತೆ ಸಿಂಗಾಪುರದಲ್ಲಿದ್ದರು. 1941ರಲ್ಲಿ ತಾವಾಗಿ ಕೇಳಿಕೊಂಡು ಆಗ್ರಾದ ತರಬೇತಿ ಕೇಂದ್ರಕ್ಕೆ ಬಂದಿದ್ದರಿಂದ ಸ್ಲಿಮ್ ನದಿಯಲ್ಲಿ ಅವರಿರಲಿಲ್ಲ. ಬಳಿಕ ಅವರು ಬರ್ಮಾದ ಅರಕಾನಿನಲ್ಲಿ ಜಪಾನೀಯರ ವಿರುದ್ಧ ಬೆಟಾಲಿಯನ್ ಒಂದನ್ನು, ಯುದ್ಧದ ಕೊನೆಗೆ 36ನೇ ಬ್ರಿಗೇಡನ್ನು ಮುನ್ನಡೆಸಿದರು. ಟ್ಯಾಂಕ್ ಬರಲಾರದು ಎಂದು ನಂಬಿ ಕೂತವರ ಮುಂದೆ ಟ್ಯಾಂಕ್ ಬಂದು ನಿಂತರೆ ಏನಾಗುತ್ತದೆ ಎಂಬುದಕ್ಕೆ ಅವರ ಹಳೆಯ ಬೆಟಾಲಿಯನ್‌ನ ಗತಿಗಿಂತ ಬೇರೆ ಪಾಠ ಬೇಕಿರಲಿಲ್ಲ.

ಸ್ಟುವರ್ಟ್ ಮತ್ತು ಹಾ-ಗೋ ಮೊದಲು ಕಾದಾಡಿದ್ದು ಫಿಲಿಪೀನ್ಸ್‌ನ ಡಮೋರ್ಟಿಸ್ ಬಳಿ, 1941ರ ಡಿಸೆಂಬರ್ 22ರಂದು. ಅಲ್ಲಿ ಗೆದ್ದದ್ದು ಹಾ-ಗೋ. ರಸ್ತೆಯಿಂದ ಕೆಳಗಿಳಿದ ಅಮೆರಿಕನ್ನರ ಮುಂಚೂಣಿ ಟ್ಯಾಂಕ್ ಪೆಟ್ಟು ತಿಂದು ಉರಿಯಿತು, ಉಳಿದವೂ ಏಟು ತಿಂದು ಹಿಂದಿರುಗಿದವು. ಬರ್ಮಾದಲ್ಲಿ ಲೆಕ್ಕ ತಿರುಗಿತು. ಆಫ್ರಿಕಾದಲ್ಲಿ ಜರ್ಮನರೊಡನೆ ಹೋರಾಡಿ ಪಳಗಿದ ಬ್ರಿಟಿಷರ 7ನೇ ಆರ್ಮರ್ಡ್ ಬ್ರಿಗೇಡ್ 1942ರ ಫೆಬ್ರವರಿಯಲ್ಲಿ ಸ್ಟುವರ್ಟ್‌ಗಳೊಡನೆ ರಂಗೂನಿಗೆ ಬಂದಿಳಿಯಿತು. ಮಾರ್ಚ್ ಮೊದಲ ವಾರ ಪೆಗು ಪಟ್ಟಣದ ಬಳಿ ಹಾ-ಗೋಗಳನ್ನು ಸುಲಭವಾಗಿಯೇ ನಾಶಮಾಡಿತು. ಮರಳುಗಾಡಿನಲ್ಲಿ ಸೋತ ಸ್ಟುವರ್ಟ್ ಇಲ್ಲಿ ಹಿಂದೆ ಸರಿಯುತ್ತಿದ್ದ ಇಡೀ ಸೇನೆಗೆ ಆಸರೆಯಾಯಿತು.

ಮೇ ತಿಂಗಳಲ್ಲಿ ಚಿಂದ್ವಿನ್ ನದಿ ಅಡ್ಡಬಂತು. ಟ್ಯಾಂಕ್‌ಗಳನ್ನು ಆಚೆ ದಾಟಿಸಲು ದೋಣಿಗಳಿಲ್ಲದೆ ಬ್ರಿಗೇಡ್ ತನ್ನ ಟ್ಯಾಂಕ್‌ಗಳನ್ನು ತಾನೇ ಹಾಳುಗೆಡವಬೇಕಾಯಿತು. ದಾಟಿ ಉಳಿದದ್ದು ಒಂದೇ ಒಂದು ಸ್ಟುವರ್ಟ್, 'ದಿ ಕರ್ಸ್ ಆಫ್ ಸ್ಕಾಟ್‌ಲೆಂಡ್' ಎಂಬ ಹೆಸರಿನದು. ಟರೆಟ್ ತೆಗೆದ ಆ ಟ್ಯಾಂಕ್ ಭಾರತೀಯ ಸೇನೆಯ 7ನೇ ಲೈಟ್ ಕ್ಯಾವಲ್ರಿಯ ಕಮಾಂಡ್ ವಾಹನವಾಗಿ 1945ರಲ್ಲಿ ಮತ್ತೆ ಬರ್ಮಾಕ್ಕೆ ಹೋಯಿತು. ಜೋಜಿಲಾಗೆ ಟ್ಯಾಂಕ್ ಹತ್ತಿಸಿದ್ದು ಇದೇ ರೆಜಿಮೆಂಟ್. ಇತ್ತ ಜಪಾನಿನ 14ನೇ ಟ್ಯಾಂಕ್ ರೆಜಿಮೆಂಟ್ ಕೈಗೆ ಸಿಕ್ಕ ಸ್ಟುವರ್ಟ್‌ಗಳನ್ನು ತನ್ನವನ್ನಾಗಿ ಮಾಡಿಕೊಂಡು ಬಳಸಿತು. ತಮ್ಮ ಟ್ಯಾಂಕ್‌ಗಳ ಬಗ್ಗೆ ಜಪಾನಿ ಸೈನಿಕರಿಗೇ ಇದ್ದ ಅಭಿಪ್ರಾಯ ಇದರಿಂದ ತಿಳಿಯುತ್ತದೆ.

1944ರ ಹೊತ್ತಿಗೆ ಜಪಾನಿ ಟ್ಯಾಂಕ್‌ಗಳ ಕಾಲ ಮುಗಿದಿತ್ತು. ಪೆಸಿಫಿಕ್ ದ್ವೀಪಗಳಲ್ಲಿ ಅಮೆರಿಕದ ಶೆರ್ಮನ್ ಟ್ಯಾಂಕ್‌ಗಳು ಹಾರಿಸಿದ ಕವಚಭೇದಕ ಗುಂಡುಗಳು ಹಾ-ಗೋದ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಬರುತ್ತಿದ್ದವು. ಹಾಗಾಗಿ ಸಿಡಿಯುವ ಮಾಮೂಲಿ ಗುಂಡುಗಳನ್ನೇ ಬಳಸಬೇಕಾಯಿತು. 1945ರಲ್ಲಿ ಬರ್ಮಾದ ಮೇಕ್ತಿಲಾದಲ್ಲಿ ಭಾರತೀಯ ಟ್ಯಾಂಕ್ ಬ್ರಿಗೇಡ್ ಬಂದೆರಗಿದಾಗ ಜಪಾನಿ ಸೈನಿಕರು ನೆಲದಲ್ಲಿ ಗುಂಡಿ ತೋಡಿ, ವಿಮಾನದ ಬಾಂಬನ್ನು ತೊಡೆಗಳ ನಡುವೆ ಇಟ್ಟುಕೊಂಡು, ಮೇಲೆ ಟ್ಯಾಂಕ್ ಬಂದಾಗ ಕಲ್ಲಿನಿಂದ ಬಡಿಯಲು ಕಾದು ಕೂತಿದ್ದರು. ಟ್ಯಾಂಕ್ ಇಲ್ಲದ ಸೇನೆ ಮನುಷ್ಯನನ್ನೇ ಟ್ಯಾಂಕ್‌ನಿರೋಧಕ ಆಯುಧ ಮಾಡಿತ್ತು. ಅಷ್ಟರ ಮಟ್ಟಿನ ಧೈರ್ಯ ಹೀಗೆ ವ್ಯರ್ಥವಾದದ್ದು ಓದುವವರ ಮನಸ್ಸನ್ನು ಕಲಕುತ್ತದೆ.

ಜರ್ಮನಿ ಇದಕ್ಕೆ ತೀರ ವಿರುದ್ಧವಾದ ದಿಕ್ಕಿಗೆ ಹೋಯಿತು. ಅದರ ಟೈಗರ್ ಟ್ಯಾಂಕ್ 57 ಟನ್ ತೂಗುತ್ತಿತ್ತು. ಮುಂಭಾಗದ ಕವಚ 100 ಮಿಲಿಮೀಟರ್, ತೋಪು 88 ಮಿಲಿಮೀಟರ್. ಎದುರಾಳಿ ಟ್ಯಾಂಕ್‌ಗಳನ್ನು ಬಹುದೂರದಿಂದಲೇ ಕೆಡವಬಲ್ಲ ಅದರ ಸಾಮರ್ಥ್ಯ ನಿಜ. ಆದರೆ ತಯಾರಾದವು 1,350ರ ಆಸುಪಾಸು. ಅಮೆರಿಕ ಅಷ್ಟರಲ್ಲಿ 49,000ಕ್ಕೂ ಹೆಚ್ಚು ಶೆರ್ಮನ್‌ಗಳನ್ನು, ಸೋವಿಯತ್ ಒಕ್ಕೂಟ 50,000ಕ್ಕೂ ಹೆಚ್ಚು ಟಿ-34ಗಳನ್ನು ಮಾಡಿದವು. 1943ರ ಜುಲೈಯಲ್ಲಿ ಕುರ್ಸ್ಕ್‌ನಲ್ಲಿ ಮೊದಲ ಬಾರಿಗೆ ಹೂಡಿದ ಸುಮಾರು 200 ಪ್ಯಾಂಥರ್ ಎಂಬ ಹೊಸ ಜರ್ಮನ್ ಟ್ಯಾಂಕ್‌ಗಳ ಪೈಕಿ ಕೆಲವೇ ದಿನಗಳಲ್ಲಿ ಓಡುವ ಸ್ಥಿತಿಯಲ್ಲಿ ಉಳಿದದ್ದು ಸಣ್ಣ ಪಾಲು. ಶತ್ರುವಿನ ಗುಂಡಿನಷ್ಟೇ ಎಂಜಿನ್‌ನ ಬೆಂಕಿ, ಗೇರ್‌ನ ದೋಷಗಳೂ ಅವನ್ನು ನಿಲ್ಲಿಸಿದ್ದವು.

ಎರಡೂ ದೇಶಗಳು ಟ್ಯಾಂಕ್ ವಿಷಯದಲ್ಲಿ ನೇರವಾಗಿಯೂ ವ್ಯವಹರಿಸಿದವು. 1943ರಲ್ಲಿ ಜಪಾನ್ ಟೈಗರ್ ಒಂದನ್ನು 6,45,000 ರೈಶ್‌ಮಾರ್ಕ್ ಕೊಟ್ಟು ಖರೀದಿಸಿತು. ಫ್ರಾನ್ಸಿನ ಬೋರ್ಡೋ ಬಂದರಿನವರೆಗೆ ಬಂದ ಆ ಟ್ಯಾಂಕ್ ಜಪಾನಿಗೆ ಸಾಗಲಾರದೆ ಅಲ್ಲೇ ಉಳಿಯಿತು. ಮರುವರ್ಷ ಜರ್ಮನ್ ಸೇನೆಯೇ ಅದನ್ನು ಎರವಲು ಪಡೆದು ಬಳಸಿತು. ಒಂದು ವೇಳೆ ಅದು ಏಷ್ಯಾ ತಲುಪಿದ್ದರೂ ಬರ್ಮಾದ ಯಾವ ಮರದ ಸೇತುವೆ ಅದರ ಭಾರ ತಡೆಯುತ್ತಿತ್ತು?

ಭೂಮಿಗೆ ತಕ್ಕ ಟ್ಯಾಂಕ್ ಎಂಬ ಈ ಪ್ರಶ್ನೆಗೆ ಬರ್ಮಾ ಯುದ್ಧವೇ ಒಮ್ಮೆ ಉತ್ತರ ಕೊಟ್ಟಿತ್ತು. 1944ರ ಏಪ್ರಿಲ್ 13ರಂದು ಇಂಫಾಲ ಬಯಲಿನ ಅಂಚಿನಲ್ಲಿರುವ ನುನ್‌ಶಿಗುಮ್ ಗುಡ್ಡಕ್ಕೆ ಬ್ರಿಟಿಷ್ ರೆಜಿಮೆಂಟೊಂದರ ಲೀ ಟ್ಯಾಂಕ್‌ಗಳು ಡೋಗ್ರಾ ಕಾಲಾಳುಗಳೊಡನೆ ಹತ್ತಿದವು. ಅಷ್ಟು ಕಡಿದಾದ ಏಣಿನಲ್ಲಿ ಟ್ಯಾಂಕ್ ಬರುತ್ತದೆಂದು ಜಪಾನೀಯರು ಎಣಿಸಿರಲಿಲ್ಲ. ಅಧಿಕಾರಿಗಳು ಬಿದ್ದ ಮೇಲೂ ಕೆಳದರ್ಜೆಯ ಸೈನಿಕರು ದಾಳಿ ಮುಂದುವರಿಸಿ ಗುಡ್ಡ ಗೆದ್ದರು. ಕವಚದ ದಪ್ಪಕ್ಕಿಂತ ಟ್ಯಾಂಕ್ ಅಲ್ಲಿಗೆ ತಲುಪಿದ್ದೇ ಮುಖ್ಯವಾಯಿತು.

ಜೋಜಿಲಾ ಅದಕ್ಕಿಂತ ಬಹಳ ಎತ್ತರ. ಕಾಶ್ಮೀರ ಕಣಿವೆಯನ್ನು ಲಡಾಖಿಗೆ ಜೋಡಿಸುವ ಈ ದಾರಿ 3,528 ಮೀಟರ್ ಎತ್ತರದಲ್ಲಿದೆ, ಕಾರ್ಕಳದ ಕಡೆಯಿಂದ ಮೂಡಣಕ್ಕೆ ಕಾಣುವ ಕುದುರೆಮುಖದ ಹತ್ತಿರಹತ್ತಿರ ಇಮ್ಮಡಿ. ಕಾಶ್ಮೀರಕ್ಕಾಗಿ ಭಾರತ, ಪಾಕಿಸ್ತಾನಗಳ ನಡುವೆ ನಡೆದ ಮೊದಲ ಯುದ್ಧದಲ್ಲಿ, 1948ರ ಮೇಯಲ್ಲಿ, ಪಾಕಿಸ್ತಾನದ ಕಡೆಯ ದಾಳಿಕಾರರು ದ್ರಾಸ್, ಕಾರ್ಗಿಲ್‌ಗಳ ಮೇಲೆ ಎರಗಿದಾಗ ಲೇಹ್ ಒಂಟಿಯಾಯಿತು. ಮೇ 24ರಂದು ಏರ್ ಕಮಡೋರ್ ಮೆಹರ್ ಸಿಂಗ್ ಲೇಹ್‌ನಲ್ಲಿ ಮೊತ್ತಮೊದಲ ಡಕೋಟಾ ವಿಮಾನ ಇಳಿಸಿದರು, ಜೊತೆಯಲ್ಲಿ ತಿಮ್ಮಯ್ಯ ಇದ್ದರು. ಆದರೆ ವಿಮಾನದಿಂದಷ್ಟೇ ಲಡಾಖ್ ಉಳಿಸುವುದು ಸಾಧ್ಯವಿರಲಿಲ್ಲ. ಸೆಪ್ಟೆಂಬರ್‌ನಲ್ಲಿ 77ನೇ ಪ್ಯಾರಾ ಬ್ರಿಗೇಡ್ ಜೋಜಿಲಾ ಮೇಲೆ ನಡೆಸಿದ ದಾಳಿಗಳನ್ನು ಬಂಡೆಗಳ ಮರೆಯ ಮೆಷಿನ್‌ಗನ್‌ಗಳು ವಿಫಲಗೊಳಿಸಿದವು.

ಆಗ 19ನೇ ಡಿವಿಷನ್ನಿನ ಮುಖ್ಯಸ್ಥರಾಗಿದ್ದ ಮೇಜರ್ ಜನರಲ್ ತಿಮ್ಮಯ್ಯ ಟ್ಯಾಂಕ್ ತರಿಸಲು ನಿರ್ಧರಿಸಿದರು. ಪಶ್ಚಿಮ ವಲಯದ ಸೇನೆಯ ಮುಖ್ಯಸ್ಥರಾಗಿದ್ದವರು ಕೊಡಗಿನವರೇ ಆದ ಕೆ.ಎಂ. ಕಾರ್ಯಪ್ಪ. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ 'ಸ್ಪ್ಯಾರೋ' ಅವರ 7ನೇ ಕ್ಯಾವಲ್ರಿಯ ಸ್ಟುವರ್ಟ್‌ಗಳು ಜಮ್ಮು ಕಡೆಯಿಂದ ಹೊರಟವು. ಇವು ಎಂ5 ಮಾದರಿಯವು, ತಲಾ 15 ಟನ್ ತೂಕ, ಎರಡೆರಡು ಕ್ಯಾಡಿಲಾಕ್ ಎಂಜಿನ್. ಸೇತುವೆಗಳು ತಡೆಯಲೆಂದು, ಶತ್ರುವಿಗೆ ಗುಟ್ಟು ತಿಳಿಯದಿರಲೆಂದು ಟರೆಟ್ ಕಳಚಿ, ಹೊದಿಕೆ ಹೊದಿಸಿ ಸಾಗಿಸಿದರು. ಬಾಲ್ಟಾಲ್‌ನಿಂದ ಮೇಲಕ್ಕಿದ್ದುದು ಹೇಸರಗತ್ತೆಗಳ ಕಾಲುದಾರಿ. ಅದನ್ನು ಬಂಡೆ ಸಿಡಿಸಿ ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಪಡೆಯ ಸೈನಿಕರು. ಜೋಜಿಲಾದ ಕೀರ್ತಿಯಲ್ಲಿ ಅವರ ಪಾಲನ್ನು ಜನ ನೆನೆಯುವುದು ಕಡಿಮೆ. ಆ ದಾರಿ ಆಗದಿದ್ದರೆ ಟ್ಯಾಂಕ್‌ಗಳು ಕೆಳಗೇ ಉಳಿಯುತ್ತಿದ್ದವು.

ಹಿಮ ಬಿದ್ದು ದಾಳಿ ಮುಂದಕ್ಕೆ ಹೋಯಿತು. ಕೊನೆಗೆ ನವೆಂಬರ್ 1ರಂದು ಟ್ಯಾಂಕ್‌ಗಳು ಕಣಿವೆದಾರಿಗೆ ನುಗ್ಗಿದವು. ಮುಂಚೂಣಿಯಲ್ಲಿ ತಿಮ್ಮಯ್ಯ ತಾವೇ ಟ್ಯಾಂಕ್ ಏರಿದ್ದರು. ಎದುರಾಳಿಗಳ ಬಳಿ ಟ್ಯಾಂಕ್ ಕೆಡವುವ ಆಯುಧವಿರಲಿಲ್ಲ. ಪ್ಯಾಂಜರ್ ಎದುರು ಸಾಕಾಗದಿದ್ದ ಅದೇ 37 ಮಿಲಿಮೀಟರ್ ತೋಪು ಇಲ್ಲಿ ಬಂಕರ್‌ಗಳ ಕಿಂಡಿಗಳನ್ನೇ ಗುರಿಯಿಟ್ಟು ಹೊಡೆಯಿತು. ಸ್ಲಿಮ್ ನದಿಯಲ್ಲಿ ಹೈದರಾಬಾದ್ ಬೆಟಾಲಿಯನ್ ಅನುಭವಿಸಿದ ಆಘಾತವನ್ನು ಈ ಬಾರಿ ಅನುಭವಿಸಿದ್ದು ಎದುರಾಳಿ. ಅಂದೇ ದಾರಿ ತೆರೆಯಿತು, ಹಿಂದಿನಿಂದ ಕಾಲಾಳುಗಳು ಗುಮ್ರಿ ಬಯಲಿಗೆ ಇಳಿದರು. ನವೆಂಬರ್ ಮಧ್ಯದ ವೇಳೆಗೆ ದ್ರಾಸ್, 23ರಂದು ಕಾರ್ಗಿಲ್ ಕೈಸೇರಿದವು, ಅದರ ಬೆನ್ನಿಗೇ ಲೇಹ್ ಕಡೆಯಿಂದ ಬಂದ ಪಡೆ ಬಂದು ಕೂಡಿಕೊಂಡಿತು. 1949ರ ಜನವರಿ 1ರಂದು ಕದನವಿರಾಮ ಜಾರಿಗೆ ಬಂದಾಗ ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಭಾರತದ ಕೈಯಲ್ಲಿತ್ತು.