ನಡುಗುವ ಕ್ಯಾಮೆರಾ: ಯುದ್ಧಚಿತ್ರಗಳ ನೈಜತೆಯ ಒಂದು ಚರಿತ್ರೆ

ಯುದ್ಧಚಿತ್ರವೊಂದನ್ನು ನೋಡಿ ಹೊರಬಂದವರು ‘ಅಲ್ಲೇ ಇದ್ದ ಹಾಗಾಯಿತು’ ಎನ್ನುವುದುಂಟು. ಹಾಗೆನ್ನುವ ಬಹುಪಾಲು ಜನ ರಣರಂಗವನ್ನು ಕಂಡವರಲ್ಲ. ರಣರಂಗದಿಂದ ಬಂದ ಸುದ್ದಿಚಿತ್ರಗಳನ್ನು ಕಂಡವರು. ಪರದೆಯ ಮೇಲಿನ ಯುದ್ಧ ಇವರಿಗೆ ನಿಜವೆನಿಸಬೇಕಾದರೆ ಅದು ಸೈನಿಕನ ಕಣ್ಣನ್ನು ಹೋಲಿದರೆ ಸಾಲದು, ಅಲ್ಲಿದ್ದ ಕ್ಯಾಮೆರಾವನ್ನು ಅದರ ದೋಷಗಳ ಸಮೇತ ಹೋಲಬೇಕು. ನೈಜತೆಯೆಂದು ನಾವು ಮೆಚ್ಚುವುದರಲ್ಲಿ ದೊಡ್ಡ ಪಾಲು ಈ ದೋಷಗಳ ಅನುಕರಣೆ ಎಂಬುದು ನನ್ನ ವಾದ.

ಮೊದಲಿಗೆ ಹೀಗಿರಲಿಲ್ಲ. 1916ರ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ತೆರೆಕಂಡ ‘ದಿ ಬ್ಯಾಟಲ್ ಆಫ್ ದಿ ಸೊಮ್’ ಚಿತ್ರವನ್ನು ಜಿಯಾಫ್ರಿ ಮ್ಯಾಲಿನ್ಸ್ ಮತ್ತು ಜಾನ್ ಮ್ಯಾಕ್‌ಡೊವೆಲ್ ನಿಜವಾದ ರಣರಂಗದಲ್ಲೇ ಚಿತ್ರಿಸಿದ್ದರು. ಆದರೂ ಪ್ರೇಕ್ಷಕರನ್ನು ಅತಿಯಾಗಿ ಕಲಕಿದ ದೃಶ್ಯ, ಎಂದರೆ ಸೈನಿಕರು ಕಂದಕದಿಂದ ಮೇಲೇರುವಾಗಲೇ ಗುಂಡೇಟಿಗೆ ಕುಸಿಯುವ ದೃಶ್ಯ, ರಣರಂಗದ ಹಿಂದೆ ತರಬೇತಿಯ ತಾಣದಲ್ಲಿ ಅಭಿನಯಿಸಿದ್ದು. ಕೈಯಿಂದ ತಿರುಗಿಸುವ, ಮುಕ್ಕಾಲಿಯ ಮೇಲೆ ನಿಲ್ಲಿಸಬೇಕಾದ ಭಾರದ ಕ್ಯಾಮೆರಾ ದಾಳಿಯ ಬೆನ್ನುಹತ್ತುವುದು ಅಸಾಧ್ಯವಾಗಿತ್ತು. ಆ ದೃಶ್ಯದಲ್ಲಿ ಕ್ಯಾಮೆರಾ ಕದಲುವುದಿಲ್ಲ. ಕದಲದಿರುವುದು ಅಂದಿನ ಪ್ರೇಕ್ಷಕರಿಗೆ ಸುಳ್ಳೆಂದೂ ತೋರಲಿಲ್ಲ. ಲೂಯಿಸ್ ಮೈಲ್‌ಸ್ಟೋನ್‌ನ ‘ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್’ (1930) ಕ್ಯಾಮೆರಾವನ್ನು ಕ್ರೇನಿಗೇರಿಸಿ ಕಂದಕಗಳುದ್ದಕ್ಕೂ ಸಾಗಿಸಿತು. ಅದರ ಚಲನೆಯೂ ನಯವಾದದ್ದೇ.

ತಿರುವು ಬಂದದ್ದು ಎರಡನೆಯ ಮಹಾಯುದ್ಧದಲ್ಲಿ, ಕೈಯಲ್ಲಿ ಹಿಡಿದು ಓಡಾಡಬಲ್ಲ 16 ಎಂಎಂ ಕ್ಯಾಮೆರಾ ಸೇನೆಯ ಜೊತೆಗೆ ಹೊರಟಾಗ. 1942ರ ಜೂನ್‌ನಲ್ಲಿ ಜಪಾನೀ ವಿಮಾನಗಳು ಮಿಡ್‌ವೇ ದ್ವೀಪದ ಮೇಲೆ ದಾಳಿ ಮಾಡಿದಾಗ ಚಿತ್ರನಿರ್ದೇಶಕ ಜಾನ್ ಫೋರ್ಡ್ ಅಲ್ಲಿದ್ದ, ಚಿತ್ರಿಸುತ್ತಲೇ ಗಾಯಗೊಂಡ. ಸ್ಫೋಟದ ಹೊಡೆತಕ್ಕೆ ಅವನ ಚಿತ್ರದಲ್ಲಿ ಬಿಂಬ ಎಗರುತ್ತದೆ, ಚೌಕಟ್ಟು ತಪ್ಪುತ್ತದೆ. ಸಂಕಲನದಲ್ಲಿ ಕತ್ತರಿಸಿಹಾಕಬೇಕಿದ್ದ ತುಣುಕುಗಳನ್ನು ಫೋರ್ಡ್ ಉಳಿಸಿಕೊಂಡ. ಆ ಕ್ಷಣದಿಂದ ದೋಷವೇ ಸಾಕ್ಷ್ಯವಾಯಿತು. ಸಾಕ್ಷ್ಯವಾದದ್ದನ್ನು ಕೃತಕವಾಗಿಯೂ ಸೃಷ್ಟಿಸಬಹುದು ಎಂಬುದನ್ನು ಜಾನ್ ಹ್ಯೂಸ್ಟನ್ ಬೇಗನೆ ತೋರಿಸಿಕೊಟ್ಟ. ಇಟಲಿಯ ಸ್ಯಾನ್ ಪಿಯೆತ್ರೊ ಹಳ್ಳಿಯ ಕುರಿತ ಅವನ ಸಾಕ್ಷ್ಯಚಿತ್ರದ ಕಾಳಗದ ದೃಶ್ಯಗಳಲ್ಲಿ ಬಹುಪಾಲು ಕಾಳಗ ಮುಗಿದ ಮೇಲೆ ಸೈನಿಕರಿಂದ ಮಾಡಿಸಿದವು ಎಂದು ಸಂಶೋಧಕರು ಮುಂದೆ ಪತ್ತೆಹಚ್ಚಿದರು. ಷೆಲ್ ಸಿಡಿದಾಗಲೆಲ್ಲ ಅಲ್ಲಿ ಕ್ಯಾಮೆರಾ ಅದುರುತ್ತದೆ.

ಈ ಪರಂಪರೆ ಪೂರ್ಣರೂಪ ತಾಳಿದ್ದು ಸ್ಟೀವನ್ ಸ್ಪೀಲ್‌ಬರ್ಗ್‌ನ ‘ಸೇವಿಂಗ್ ಪ್ರೈವೇಟ್ ರಯಾನ್’ (1998) ಚಿತ್ರದಲ್ಲಿ. 1944ರ ಜೂನ್ 6ರಂದು ಅಮೆರಿಕದ ಸೈನಿಕರು ಬಂದಿಳಿದ ಓಮಾಹಾ ಕಡಲತೀರವನ್ನು ಐರ್ಲೆಂಡಿನ ವೆಕ್ಸ್‌ಫರ್ಡ್ ಕಡಲತೀರದಲ್ಲಿ ಮರುಸೃಷ್ಟಿಸಲಾಯಿತು. ಛಾಯಾಗ್ರಾಹಕ ಯಾನುಷ್ ಕಮಿನ್‌ಸ್ಕಿ ಮೊದಲು ಮಾಡಿದ್ದು ಲೆನ್ಸುಗಳ ರಕ್ಷಕ ಲೇಪನವನ್ನು ತೆಗೆಸಿದ್ದು. ಅದರಿಂದ ಬೆಳಕು ಹಳೆಯ ಲೆನ್ಸಿನಲ್ಲಿ ಚೆದರುವ ಹಾಗೆ ಚೆದರಿತು. ಸಂಸ್ಕರಣೆಯ ಹಂತದಲ್ಲಿ ಬೆಳ್ಳಿಯ ಅಂಶವನ್ನು ಉಳಿಸಿಕೊಂಡು ಬಣ್ಣಗಳನ್ನು ಪೇಲವಗೊಳಿಸಲಾಯಿತು. ಎಲ್ಲಕ್ಕಿಂತ ಪರಿಣಾಮಕಾರಿಯಾದದ್ದು ಷಟರಿನ, ಎಂದರೆ ಫಿಲ್ಮಿನ ಮುಂದೆ ತಿರುಗುತ್ತ ಬೆಳಕನ್ನು ಬಿಟ್ಟು ತಡೆಯುವ ತಟ್ಟೆಯ, ಉಪಾಯ. ಸೆಕೆಂಡಿಗೆ 24 ಚಿತ್ರಿಕೆಗಳ ವೇಗದಲ್ಲಿ 180 ಡಿಗ್ರಿಯ ಷಟರ್ ಪ್ರತಿ ಚಿತ್ರಿಕೆಗೂ 1/48 ಸೆಕೆಂಡಿನ ಬೆಳಕು ಕೊಡುತ್ತದೆ. ಚಲಿಸುವ ವಸ್ತು ತುಸು ಮಸುಕಾಗುತ್ತದೆ, ಆ ಮಸುಕೇ ಚಲನೆಯನ್ನು ನಯಗೊಳಿಸುತ್ತದೆ. ಷಟರನ್ನು 90 ಡಿಗ್ರಿಗೆ ಇಳಿಸಿದರೆ 1/96, 45ಕ್ಕೆ ಇಳಿಸಿದರೆ 1/192 ಸೆಕೆಂಡು. ಆಗ ಮಸುಕು ಮಾಯವಾಗಿ ಸ್ಫೋಟದ ಒಂದೊಂದು ಮರಳಹರಳೂ ಗಾಳಿಯಲ್ಲಿ ಎದ್ದು ಕಾಣುತ್ತದೆ, ಓಡುವವರು ತಡೆತಡೆದು ಓಡಿದಂತಾಗುತ್ತದೆ. ರಾಬರ್ಟ್ ಕಾಪಾ ಅಂದು ಓಮಾಹಾ ತೀರದಲ್ಲೇ ತೆಗೆದ ಮಸುಕು ಛಾಯಾಚಿತ್ರಗಳು ಈ ತಂಡಕ್ಕೆ ಸ್ಫೂರ್ತಿಯಾಗಿದ್ದವು; ಆದರೆ ಷಟರ್ ಮಾಡಿದ್ದು ಮಸುಕಿಗೆ ತದ್ವಿರುದ್ಧವಾದ ಕೆಲಸ. ಕಾಪಾನಿಂದ ಅವರು ಪಡೆದದ್ದು ನೋಟವನ್ನಲ್ಲ, ಒದ್ದಾಡುವ ಕ್ಯಾಮೆರಾದ ಅಧಿಕಾರವನ್ನು.

ಇನ್ನೊಂದು ಸೂಕ್ಷ್ಮವಿದೆ. ನೀರೂ ನೆತ್ತರೂ ಲೆನ್ಸಿಗೆ ಸಿಡಿದು ಅಂಟಿಕೊಂಡರೂ ಸ್ಪೀಲ್‌ಬರ್ಗ್ ಒರೆಸಲಿಲ್ಲ. ಸೈನಿಕನ ಕಣ್ಣಿನ ಮುಂದೆ ಗಾಜಿಲ್ಲ. ಅಲ್ಲಿ ಇನ್ನೊಬ್ಬ ಸುದ್ದಿಚಿತ್ರಗಾರ ಇದ್ದಾನೆಂದು ಪ್ರೇಕ್ಷಕ ಒಪ್ಪಿಕೊಂಡಾಗ ಮಾತ್ರ ಆ ಹನಿಗೆ ಅರ್ಥ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಆ ತೀರದಲ್ಲಿ ಹೋರಾಡಿದ್ದ ವೃದ್ಧ ಸೈನಿಕರೂ ಚಿತ್ರವನ್ನು ನಿಜವೆಂದರು. ಚಿತ್ರ ನೋಡಿ ತಳಮಳಗೊಂಡ ನಿವೃತ್ತ ಯೋಧರಿಗಾಗಿ ಅಮೆರಿಕದ ನಿವೃತ್ತ ಯೋಧರ ಇಲಾಖೆ ಸಹಾಯವಾಣಿಯನ್ನೇ ತೆರೆಯಿತು. ಅವರಿಗೇಕೆ ಸುದ್ದಿಚಿತ್ರದ ಹಂಗು? ಉತ್ತರ ಶಬ್ದದಲ್ಲಿದೆಯೆಂದು ನನಗನ್ನಿಸುತ್ತದೆ. ಗ್ಯಾರಿ ರಿಡ್‌ಸ್ಟ್ರಾಮ್‌ನ ಶಬ್ದವಿನ್ಯಾಸದಲ್ಲಿ ಗುಂಡು ಕಿವಿಯ ಪಕ್ಕ ಸುಯ್ಯೆಂದು ಹಾಯುತ್ತದೆ, ಕಬ್ಬಿಣಕ್ಕೆ ತಾಗಿ ಠಣ್ಣೆನ್ನುತ್ತದೆ. ಕಡಲತೀರದ ಭಾಗದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಚಿತ್ರದ ನಾಯಕ ಕ್ಯಾಪ್ಟನ್ ಮಿಲ್ಲರ್‌ಗೆ ಕಿವಿ ಮಂದವಾದಾಗ ನಮಗೂ ಮಂದವಾಗುತ್ತದೆ. ಇದು ಕ್ಯಾಮೆರಾದ ದೋಷವಲ್ಲ, ದೇಹದ ದೋಷ. ಇದನ್ನು ಎಲೆಮ್ ಕ್ಲಿಮೋವ್ 1985ರ ‘ಕಮ್ ಅಂಡ್ ಸೀ’ ಚಿತ್ರದಲ್ಲಿ ಇನ್ನೂ ಕಠಿಣವಾಗಿ ಬಳಸಿದ್ದ. 1943ರ ಬೆಲಾರುಸ್‌ನ ಕಾಡಿನಲ್ಲಿ ಬಾಂಬು ಬಿದ್ದ ಮೇಲೆ ಬಾಲಕ ಫ್ಲ್ಯೋರಾನ ಕಿವಿಯಲ್ಲಿ ಕೀರಲು ದನಿಯೊಂದು ಏಳುತ್ತದೆ. ಮಾತುಗಳು ಅದರಡಿ ಹೂತುಹೋಗುತ್ತವೆ. ನಿಮಿಷಗಟ್ಟಲೆ ಪ್ರೇಕ್ಷಕನಿಗೂ ಬಿಡುಗಡೆಯಿಲ್ಲ. ನನ್ನ ಮಟ್ಟಿಗೆ ಇದು ಷಟರಿನ ಉಪಾಯಕ್ಕಿಂತ ಪ್ರಾಮಾಣಿಕ.

ಆದರೆ ಹೆಚ್ಚು ಬೇಗ ಅನುಕರಣೆಗೊಂಡದ್ದು ಷಟರೇ. ಎರಡೇ ವರ್ಷಕ್ಕೆ ರಿಡ್ಲಿ ಸ್ಕಾಟ್‌ನ ‘ಗ್ಲ್ಯಾಡಿಯೇಟರ್’ ಅದನ್ನು ರೋಮನ್ ಸೇನೆಗೆ ತೊಡಿಸಿತು. ಆರಂಭದ ಕಾಳಗ ನಡೆಯುವುದು ಕ್ರಿ.ಶ. 180ರ ಜರ್ಮೇನಿಯಾದಲ್ಲಿ. ಅಲ್ಲಿಂದ ಯಾವ ಸುದ್ದಿಚಿತ್ರವೂ ಬಂದಿಲ್ಲ. ಕತ್ತಿಯೇಟಿಗೆ ಹಾರುವ ಕೆಸರು ಮಾತ್ರ ಓಮಾಹಾದ ಮರಳಿನಂತೆಯೇ ಹರಳುಹರಳಾಗಿ ಹಾರುತ್ತದೆ, ಅದನ್ನು ಯಾರೂ ಪ್ರಶ್ನಿಸಲಿಲ್ಲ.