ಕುಣಿಗಲ್ಲಿನ ಕುದುರೆ ಮತ್ತು ಅದರ ಕಾಲು

ಕುದುರೆ ಕೊಳ್ಳಲು ಬಂದವರ ಕಣ್ಣು ಮೈಬಣ್ಣದ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲ. ಬಗ್ಗಿ ಕಾಲು ಮುಟ್ಟುತ್ತಾರೆ. ಮೊಣಕಾಲಿನಿಂದ ಗೊರಸಿನ ತನಕ ಅಂಗೈಯನ್ನು ನಿಧಾನವಾಗಿ ಇಳಿಸುತ್ತಾ ಎಲ್ಲಾದರೂ ಬಿಸಿಯಿದೆಯೇ, ಊದಿದೆಯೇ, ಒತ್ತಿದರೆ ಕಾಲು ಎಳೆದುಕೊಳ್ಳುತ್ತದೆಯೇ ಎಂದು ನೋಡುತ್ತಾರೆ. ತುಮಕೂರು ಜಿಲ್ಲೆಯ ಕುಣಿಗಲ್ಲಿಗೂ ಕುದುರೆಗೂ ಇನ್ನೂರು ವರ್ಷ ಮೀರಿದ ನಂಟು. ದಂಡಿನ ಕಾಲ ಹೋಗಿ ರೇಸಿನ ಕಾಲ ಬಂದರೂ ಹೀಗೆ ಕಾಲು ಮುಟ್ಟಿ ನೋಡುವುದು ನಿಂತಿಲ್ಲ.

ದಕ್ಷಿಣದ ಅರಸರಿಗೆ ಕುದುರೆ ಎಂದೂ ದುಬಾರಿ ಬಾಬತ್ತು. ವಿಜಯನಗರದ ಕಾಲದಲ್ಲಿ ಒಳ್ಳೆಯ ಕುದುರೆಗಳು ಅರಬ್, ಪರ್ಷಿಯಾ ಕಡೆಯಿಂದ ಹಡಗೇರಿ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಈ ವ್ಯಾಪಾರದ ಮೇಲೂ ಹಿಡಿತ ಸಾಧಿಸಿದರು. ಹೊರಗಿನವರ ಹಂಗಿಲ್ಲದೆ ದಂಡು ಕಟ್ಟಬೇಕಾದರೆ ನಾಡಿನಲ್ಲೇ ಮರಿ ಹಾಕಿಸಿ ಬೆಳೆಸಬೇಕು. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ ತನ್ನ ಸವಾರರಿಗಾಗಿ ಕುಣಿಗಲ್‌ನಲ್ಲಿ ಕುದುರೆ ಸಾಕಿಸಿದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕುಣಿಗಲ್ಲಿನ ಆ ಕುದುರೆ ಸಾಕಣೆ ಕೇಂದ್ರ ಬ್ರಿಟಿಷರ ಕೈಗೆ ಹೋಯಿತು, ಮುಂದೆ ಮೈಸೂರು ಸಂಸ್ಥಾನಕ್ಕೆ ಬಂತು.

ಅದೇ ಸಂಸ್ಥಾನದ ಮೈಸೂರು ಲ್ಯಾನ್ಸರ್ಸ್ ಪಡೆ 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆಗೂಡಿ, ಮೆಷಿನ್ ಗನ್ನುಗಳಿಗೆ ಎದೆಗೊಟ್ಟು ಹೈಫಾ ಪಟ್ಟಣವನ್ನು ಗೆದ್ದಿತು. ಕುದುರೆ ದಂಡಿನ ಕೊನೆಯ ದೊಡ್ಡ ದಿನಗಳಲ್ಲಿ ಅದೊಂದು. ಮುಂದೆ ಯುದ್ಧಭೂಮಿ ಟ್ಯಾಂಕುಗಳ ಪಾಲಾಯಿತು, ಕುಣಿಗಲ್ಲಿನ ಕುದುರೆ ರೇಸ್ ಕೋರ್ಸಿನ ದಾರಿ ಹಿಡಿಯಿತು. 1992ರಲ್ಲಿ ಆ ಸಾಕಣೆ ಕೇಂದ್ರ, ಅಂದರೆ ಕುಣಿಗಲ್ ಸ್ಟಡ್ ಫಾರಂ, ವಿಜಯ್ ಮಲ್ಯ ಅವರ ಕಂಪನಿಗೆ ಗುತ್ತಿಗೆಗೆ ಹೋಯಿತು. ಇಂಗ್ಲೆಂಡಿನ ಆಸ್ಕಟ್‌ನಲ್ಲಿ 1993ರ ಪ್ರಿನ್ಸ್ ಆಫ್ ವೇಲ್ಸಸ್ ಸ್ಟೇಕ್ಸ್ ಗೆದ್ದಿದ್ದ ಪ್ಲೇಸರ್‌ವಿಲ್ ಇಲ್ಲಿನ ಬೀಜದ ಕುದುರೆಯಾಯಿತು.

ಇಷ್ಟು ಹಣ, ಇಷ್ಟು ಶ್ರಮ ಎಲ್ಲವೂ ಕೊನೆಗೆ ಆತುಕೊಳ್ಳುವುದು ತೆಳುವಾದ ನಾಲ್ಕು ಕಾಲುಗಳ ಮೇಲೆ. ಆ ಕಾಲಿನ ರಚನೆ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಚಾಚಿದ ಗಂಟು ಮಂಡಿಯಲ್ಲ, ನಮ್ಮ ಹಿಮ್ಮಡಿಗೆ ಸಮನಾದದ್ದು. ರೇಸಿನವರು ಅದನ್ನು ಹಾಕ್ ಎನ್ನುತ್ತಾರೆ. ನಿಜವಾದ ಮಂಡಿ ಇರುವುದು ಮೇಲೆ, ಹೊಟ್ಟೆಯ ಹತ್ತಿರ. ಇವೆರಡರ ನಡುವಿನ ಮುಂಭಾಗದಲ್ಲಿ ನಮ್ಮ ಕಣಕಾಲಿನ ಸ್ನಾಯುಗಳ ಬಂಧುಗಳೇ ಇವೆ. ನಾವು ಹೆಜ್ಜೆ ಎತ್ತಿದಾಗ ಪಾದವನ್ನು ಮೇಲಕ್ಕೆಳೆಯುವುದು ಟಿಬಿಯಾಲಿಸ್ ಆಂಟೀರಿಯರ್. ಅದರ ನರಕ್ಕೆ ಪೆಟ್ಟಾದರೆ ಪಾದ ಜೋತುಬಿದ್ದು ನೆಲಕ್ಕೆ ಉಜ್ಜುತ್ತದೆ. ಕುದುರೆಯಲ್ಲಿ ಅದರ ಜೋಡಿ ಸ್ನಾಯು ಹಾಕ್ ಗಂಟನ್ನು ಬಗ್ಗಿಸುತ್ತದೆ. ಬೆರಳು ನೀಡುವ ಇನ್ನೊಂದು ಸ್ನಾಯುವಿನ ರಜ್ಜು ಕೆಳಗೆ ಗೊರಸಿನ ತನಕ ಇಳಿದು, ಓಟದಲ್ಲಿ ಗೊರಸನ್ನು ಮುಂದಕ್ಕೆ ಚಾಚಿಸುತ್ತದೆ.

ಮೂರನೆಯದು ಪೆರೋನಿಯಸ್ ಟರ್ಷಿಯಸ್. ಮನುಷ್ಯರಲ್ಲಿ ಅದೊಂದು ಪುಟ್ಟ ಸ್ನಾಯು, ಕೆಲವರಲ್ಲಿ ಇರುವುದೇ ಇಲ್ಲ. ಕುದುರೆಯಲ್ಲಿ ಅದಕ್ಕೆ ಮಾಂಸವೇ ಇಲ್ಲ. ತೊಡೆಮೂಳೆಯಿಂದ ಹೊರಟು ಹಾಕ್ ದಾಟುವ ಗಟ್ಟಿ ಹುರಿಯಾಗಿದೆ. ಮಂಡಿ ಮಡಿಚಿದರೆ ಹಾಕ್ ಕೂಡ ಮಡಿಚಲೇಬೇಕು, ಹಾಗೆ ಎರಡನ್ನೂ ಬಿಗಿದಿಟ್ಟಿದೆ. ಎಲ್ಲೋ ಸಿಕ್ಕಿಕೊಂಡ ಕಾಲನ್ನು ಜಗ್ಗಿ ಎಳೆದುಕೊಂಡಾಗ ಈ ಹುರಿ ಹರಿಯುವುದುಂಟು. ಪಶುವೈದ್ಯರು ಆಗ ಕಾಲನ್ನೆತ್ತಿ ಹಿಂದಕ್ಕೆಳೆಯುತ್ತಾರೆ. ಮಂಡಿ ಮಡಿಚಿದ್ದರೂ ಹಾಕ್ ನೆಟ್ಟಗೆ ಚಾಚಿಕೊಂಡು, ಹಿಮ್ಮಡಿಯ ಮೇಲಿನ ರಜ್ಜು ಸಡಿಲಾಗಿ ಅಲ್ಲಿ ಚರ್ಮ ಸುಕ್ಕುಗಟ್ಟಿದರೆ ಬೇರೆ ಸಾಕ್ಷಿ ಬೇಕಿಲ್ಲ. ಆರೋಗ್ಯವಾಗಿರುವ ಕಾಲು ಹಾಗೆ ಬಾಗುವುದು ಸಾಧ್ಯವೇ ಇಲ್ಲ. ಒಳ್ಳೆಯ ಸುದ್ದಿಯೆಂದರೆ, ತಿಂಗಳುಗಟ್ಟಲೆ ಲಾಯದಲ್ಲಿ ವಿಶ್ರಾಂತಿ ಕೊಟ್ಟರೆ ಬಹಳಷ್ಟು ಕುದುರೆಗಳು ಚೇತರಿಸಿಕೊಳ್ಳುತ್ತವೆ.

ಹಾಕ್‌ನಿಂದ ಕೆಳಗೆ, ಮುಂಗಾಲಿನಲ್ಲಾದರೆ ಮೊಣಕಾಲಿನಿಂದ ಕೆಳಗೆ, ಹೇಳಿಕೊಳ್ಳುವಂಥ ಮಾಂಸವಿಲ್ಲ. ಮೂಳೆ, ರಜ್ಜು, ಚರ್ಮ, ಅಷ್ಟೇ. ತುದಿ ಹಗುರವಾದಷ್ಟೂ ಕಾಲು ಬೇಗ ಬೀಸುತ್ತದೆ. ಕುದುರೆಯ ವೇಗದ ಗುಟ್ಟು ಇಲ್ಲಿದೆ, ಅದರ ಅಪಾಯವೂ ಇಲ್ಲೇ ಇದೆ. ಎರಡು ವರ್ಷದ ಕುದುರೆಗಳನ್ನು ಜೋರಾಗಿ ಓಡಿಸಲು ತೊಡಗಿದಾಗ ಮುಂಗಾಲಿನ ಆ ಮೂಳೆಯ ಮುಂಭಾಗ ನೊಂದು ಊದಿಕೊಳ್ಳುತ್ತದೆ. ಬಕ್ಡ್ ಶಿನ್ಸ್ ಎಂದು ಹೆಸರಾದ ಈ ತೊಂದರೆ ರೇಸಿನ ಲೋಕದಲ್ಲಿ ತೀರ ಸಾಮಾನ್ಯ. ಎಳೆಯ ಮೂಳೆ ಆ ವೇಗಕ್ಕೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಕೆಲವು ಮರಿಗಳಂತೂ ಮುಂಗಾಲಿನ ಮುಂಭಾಗದ ರಜ್ಜು ಹರಿದೇ ಹುಟ್ಟುತ್ತವೆ. ಮೊಣಕಾಲಿನ ಮುಂದೆ ಮೆತ್ತನೆಯ ಊತ, ಹೆಜ್ಜೆಯಿಟ್ಟರೆ ಗೊರಸಿನ ಮೇಲಿನ ಗಂಟು ಮುಂದಕ್ಕೆ ಮಡಿಚಿಕೊಳ್ಳುತ್ತದೆ. ಪಟ್ಟಿ ಸುತ್ತಿ ಕಾದರೆ ಹೆಚ್ಚಿನವು ಸರಿಹೋಗುತ್ತವೆ.

ಮೂಳೆಗೂ ರಜ್ಜಿಗೂ ಬಲ ಬರುವುದು ಮರಿ ಬಯಲಿನಲ್ಲಿ ತಾಯಿಯ ಹಿಂದೆ ಓಡಾಡಿದಾಗ. ಕುದುರೆ ಸಾಕುವವರು ಎಕರೆಗಟ್ಟಲೆ ಹುಲ್ಲುಗಾವಲು ಕೇಳುವುದು ಬರೀ ಮೇವಿಗಲ್ಲ. ಕುಣಿಗಲ್ಲಿನಲ್ಲಿ ಅಂಥ ನೆಲ ನಾನೂರು ಎಕರೆಗೂ ಹೆಚ್ಚಿದೆ. ಮೂವತ್ತು ವರ್ಷಗಳ ಗುತ್ತಿಗೆಯ ಅವಧಿ 2022ಕ್ಕೆ ಮುಗಿದಿದೆ. ಅಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾವ ಬಂದಾಗ ಕುದುರೆ ಸಾಕಣೆಯನ್ನು ಬಲ್ಲವರಿಗೆ ಆತಂಕವಾದದ್ದು ಸಹಜ. ಕುದುರೆಗಳನ್ನು ಲಾರಿಗೆ ಹತ್ತಿಸಿ ಇನ್ನೊಂದು ಊರಿಗೆ ಸಾಗಿಸಬಹುದು. ಟಿಪ್ಪುವಿನ ಕಾಲದಿಂದ ಕುದುರೆಗೆಂದು ಮೀಸಲಾಗಿ ಉಳಿದು ಬಂದ ಇಷ್ಟು ದೊಡ್ಡ ಬಯಲು ಬೆಂಗಳೂರಿನ ಆಸುಪಾಸಿನಲ್ಲಿ ಮತ್ತೆ ಸಿಗುವುದಿಲ್ಲ.